ಟೇಪು ಹಿಡಿಯದೆ ಹೊಲಿದ ಮೂರು ಬಟ್ಟೆ

ಇದು ನಿನ್ನ ಕೈಲಿ ಆಗುವ ಕೆಲಸವಲ್ಲ ಎಂದು ಹೇಳಿದವರು ನನ್ನ ಸೋದರಮಾವ. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಟೈಲರ್ ಅಂಗಡಿ. ಗಂಡಸರ ಪ್ಯಾಂಟು, ಶರ್ಟು ಅವರ ಕೈಯದು. ಸೀರೆಗೆ ಫಾಲ್ ಹಾಕುವುದು, ಸಡಿಲವಾದ ಬ್ಲೌಸು ಬಿಗಿ ಮಾಡುವುದು, ಸ್ಕೂಲ್ ಯೂನಿಫಾರಮ್ಮಿನ ಅಂಚು ಬಿಚ್ಚಿ ಇಳಿಸುವುದು ನನ್ನದು. ಎಂಟು ವರ್ಷ ಆ ಅಂಗಡಿಯ ಮೂಲೆಯಲ್ಲಿ ಮಿಷನ್ ತುಳಿದಿದ್ದೇನೆ. ತುಳಿಯುತ್ತಲೇ ಮನೆಯಲ್ಲಿ ಓದಿಕೊಂಡು ಬಿ.ಎ. ಕಟ್ಟಿದೆ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ದಾಟಿದೆ. ಅಪ್ಪನ ಕಡೆ, ಅವ್ವನ ಕಡೆ, ಎಲ್ಲಿ ಹುಡುಕಿದರೂ ನಮ್ಮಲ್ಲಿ ನಾನೇ ಮೊದಲ ಡಿಗ್ರಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಂದು ಕೈಗೆ ಇಟ್ಟದ್ದಲ್ಲ ಅದು.

ಹುಣಸೂರಿನ ಹೊಲಿಗೆ ತರಬೇತಿ ಕೇಂದ್ರದವರು ಕೋಟೆಯಲ್ಲಿ, ಅಂದರೆ ಹೆಗ್ಗಡದೇವನಕೋಟೆಯಲ್ಲಿ, ಹೊಸ ಶಾಖೆ ತೆರೆಯುವವರಿದ್ದರು. ಅಲ್ಲಿಗೆ ಒಬ್ಬ ಶಿಕ್ಷಕಿ ಬೇಕಿತ್ತು. ಡಿಗ್ರಿ ಆಗಿರಬೇಕು, ಜೊತೆಗೆ ಅವರದೇ ಮಕ್ಕಳ ಉಡುಪಿನ ಸರ್ಟಿಫಿಕೇಟ್ ಇರಬೇಕು. ಒಂದು ನನ್ನ ಹತ್ತಿರ ಇತ್ತು. ಇನ್ನೊಂದಕ್ಕೆ ಸೇರುತ್ತೇನೆ ಎಂದಾಗ ಮಾವ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು.

“ಬಿಎ ಓದ್ಬುಟ್ಟು ಮಿಷನ್ ತುಳೀತಿದ್ದೀಯ, ಸರಿ. ಮಿಷನ್ ತುಳ್ಯೋಳು ಮೇಡಂ ಆಯ್ತೀನಿ ಅಂದ್ರೆ ಎಂಗವ್ವ? ನಿಂದು ಕಟಿಂಗ್ ಕೈಯಲ್ಲ ಕಣವ್ವ, ಫಾಲ್ ಹಾಕೋ ಕೈ.”

“ಕಲಿತೀನಿ ಮಾವ.”

“ಅದ್ರಲ್ಲೂ ಮಕ್ಳ ಬಟ್ಟೆ! ದೊಡ್ಡೋರ ಬಟ್ಟೆ ಕೆಟ್ರೆ ಬೈದು ಆಕ್ಕೊಂಡೋಯ್ತಾರೆ. ಮಕ್ಳು ಆಕ್ಕೊಳದೇ ಇಲ್ಲ.”

ಅವರ ಮೊದಲ ಮಾತು ನನಗೆ ಚುಚ್ಚಿತು. ಕೊನೆಯ ಮಾತು ನಿಜವೆಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು.

ನಾಲ್ಕು ತಿಂಗಳ ಪಾಠ ಮುಗಿದ ಮೇಲೆ ಕೊನೆಯ ಪ್ರಾಕ್ಟಿಕಲ್‌ಗೆ ಆರು ವಾರ ಕೊಟ್ಟರು. ಹಳೆಯ ಬಟ್ಟೆಯಿಂದ ಒಂದು ಚಿಕ್ಕ ಮಗುವಿಗೆ ಮೂರು ಉಡುಪು ಹೊಲಿಯಬೇಕು: ಮನೆಯಲ್ಲಿ ಹಾಕಿಕೊಳ್ಳಲು ಒಂದು, ಆಡಲು ಒಂದು, ಹೊರಗೆ ಹೋಗಲು ಒಂದು. ನೂಲು, ಎಲಾಸ್ಟಿಕ್, ಗುಂಡಿ ಬಿಟ್ಟರೆ ಅಂಗಡಿಯದು ಏನೂ ಕೂಡದು. ಮಗುವಿಗೆ ನೋಡಿದರೆ ಆಸೆಯಾಗುವಂತಿರಬೇಕು. ಪರೀಕ್ಷೆಯ ದಿನ ಮಗುವೇ ಬಂದು ಮೂರನ್ನೂ ತೊಟ್ಟು ಕೂರಬೇಕು, ಕುಕ್ಕರಿಸಬೇಕು, ಕೈ ಮೇಲೆತ್ತಬೇಕು.

“ಮಗು ಅತ್ತರೆ ಅರ್ಧ ಮಾರ್ಕ್ಸ್ ಹೋಯ್ತು ಅಂತ ತಿಳ್ಕೊಳ್ಳಿ. ಅಳತೆ ಪಟ್ಟಿ ಖಾಲಿ ಇದ್ರೆ ಪರೀಕ್ಷೆಗೇ ಕೂರಿಸಲ್ಲ,” ಎಂದರು ನಮ್ಮ ಮೇಡಂ. ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಮಗುವಿನ ಹನ್ನೊಂದು ಅಳತೆ ಬರೆಯುವ ಕಾಲಂ ಇತ್ತು.

ಮಗು ಹುಡುಕಿಕೊಂಡು ನಾನು ದೂರ ಹೋಗಬೇಕಿರಲಿಲ್ಲ. ಅಣ್ಣನ ಮಗಳು ಮನೆಯಲ್ಲೇ ಇದ್ದಳು. ಮೂರೂವರೆ ವರ್ಷ. ಎಲ್ಲರೂ ಪಾಪು ಎನ್ನುತ್ತೇವೆ. ಅವಳಿಗೆ ಬಟ್ಟೆ ಎಂದರೆ ಒಂದೇ: ಬಣ್ಣ ಹೋದ, ಕಂಕುಳು ಹರಿದ ಒಂದು ಗುಲಾಬಿ ಫ್ರಾಕು. ಸ್ನಾನ ಮಾಡಿಸಿದಾಗ ಅದನ್ನು ಒಗೆದು ಹಾಕಿದರೆ ಟವೆಲ್ಲು ಸುತ್ತಿಕೊಂಡು ಹಗ್ಗದ ಕೆಳಗೇ ಕಾದು ಕೂರುತ್ತಿದ್ದಳು.

ಹೊಗೆಸೊಪ್ಪು ಕಟ್ಟುವ ಕಾಲ. ಅವ್ವ ಮತ್ತು ಅತ್ತಿಗೆ ಜಗಲಿಯಲ್ಲಿ ಕುಳಿತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಸೊಪ್ಪಿನ ಅಂಟಿಗೆ ಇಬ್ಬರ ಕೈಯೂ ಕಪ್ಪಗಾಗಿತ್ತು. ಪಾಪು ಅಲ್ಲೇ ಹುರಿಯ ತುಂಡುಗಳನ್ನು ಆಯುತ್ತಿದ್ದಳು. ನಾನು ಕತ್ತಿನಿಂದ ಟೇಪು ತೆಗೆದು, “ಬಾ ಪಾಪು, ನೆಟ್ಟಗೆ ನಿಂತ್ಕೊ,” ಎಂದು ಅವಳ ಎದೆಗೆ ಸುತ್ತಲು ಹೋದೆ. ಅವ್ವ ಎದ್ದದ್ದೇ ಗೊತ್ತಾಗಲಿಲ್ಲ. ಟೇಪು ನನ್ನ ಕೈಯಿಂದ ಹೋಗಿ ಅವಳ ಕೈಯಲ್ಲಿತ್ತು.

“ಮಗೀಗೆ ಟೇಪ್ ಇಡಿತೀಯಾ? ಬುದ್ಧಿ ಎಲ್ಲಿಕ್ಕಿದ್ದೀಯೆ?”

“ಅವ್ವ, ಪರೀಕ್ಷೆಗೆ ಬೇಕು.”

“ಅಳ್ತೆ ಇಡಿದ್ರೆ ಮಗ ಅಲ್ಲಿಗೇ ನಿಂತೋಯ್ತದೆ. ಗೊತ್ತಿಲ್ವಾ ನಿಂಗೆ?”

ಗೊತ್ತಿಲ್ಲದೆ ಏನು. ನಮ್ಮ ಕಡೆ ಚಿಕ್ಕ ಮಕ್ಕಳ ಮೈಗೆ ಟೇಪು ಮುಟ್ಟಿಸದ ಮನೆಗಳು ಬೇಕಾದಷ್ಟಿವೆ. ನಮ್ಮ ಮಾವನೇ ಐದು ವರ್ಷದೊಳಗಿನ ಮಗುವಿನ ಅಳತೆ ತೆಗೆದದ್ದನ್ನು ನಾನು ನೋಡಿಲ್ಲ. “ಎಷ್ಟು ವರ್ಷ?” ಎಂದು ಕೇಳುತ್ತಾರೆ, ಕಣ್ಣಲ್ಲೇ ಒಂದು ಸಲ ನೋಡುತ್ತಾರೆ, “ಬೆಳ್ಯೋ ಮಗ” ಎಂದು ಸುತ್ತಲೂ ಎರಡು ಬೆರಳು ಸೇರಿಸಿ ಕತ್ತರಿಸುತ್ತಾರೆ. ಉದ್ದವನ್ನು ಒಳಗೆ ಮಡಚಿ ಹೊಲಿಯುತ್ತಾರೆ, ಮುಂದಿನ ವರ್ಷ ಬಿಚ್ಚಿ ಇಳಿಸಲು. ನಾನು ಕಲಿತದ್ದೂ ಅದೇ.

ಆದರೆ ಅವತ್ತು ಸುಮ್ಮನಿರಲಿಲ್ಲ. “ಟೇಪಿಗೂ ಬೆಳವಣಿಗೆಗೂ ಏನವ್ವ ಸಂಬಂಧ? ನಾನು ಓದಿದ್ದೀನಿ,” ಎಂದೆ.

“ಓದಿದ್ದೀಯ. ಹೆತ್ತಿದ್ದೀಯಾ?” ಎಂದಳು ಅವ್ವ. ಟೇಪನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟು ಮತ್ತೆ ಸೊಪ್ಪಿನ ಮುಂದೆ ಕುಳಿತಳು.

ಅವ್ವ ತೋಟಕ್ಕೆ ಹೋದ ಮೇಲೆ ಅತ್ತಿಗೆ ನನಗೆ ಒಂದು ವಿಷಯ ಹೇಳಿದಳು. ಪಕ್ಕದ ಮನೆಯ ಮುದುಕಮ್ಮನಿಂದ ಅವಳಿಗೆ ಗೊತ್ತಾದದ್ದು. ಅಣ್ಣನಿಗೂ ಮುಂಚೆ ಅವ್ವನಿಗೆ ಒಂದು ಗಂಡುಕೂಸು ಇತ್ತಂತೆ. ಅವ್ವ ನೀರಿಗೆ ಹೋಗಿದ್ದಾಗ ಊರೂರು ತಿರುಗಿ ಬಟ್ಟೆ ಮಾರುವವನೊಬ್ಬ ಜಗಲಿಯ ಮೇಲೆ ಆಡುತ್ತಿದ್ದ ಕೂಸಿಗೆ ಟೇಪು ಸುತ್ತಿ, ಇಷ್ಟು ಬಟ್ಟೆ ಸಾಕು ಎಂದು ಮನೆಯ ಹಿರಿಯರಿಗೆ ತೋರಿಸಿದನಂತೆ. ತಿಂಗಳೊಳಗೆ ಕೂಸು ಜ್ವರದಲ್ಲಿ ಹೋಯಿತಂತೆ. ಮೂವತ್ತು ದಾಟಿದ ನನಗೆ ಅವ್ವ ಇದನ್ನು ಒಂದು ದಿನವೂ ಹೇಳಿರಲಿಲ್ಲ. ಜ್ವರಕ್ಕೂ ಟೇಪಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಮತ್ತೆ ವಾದ ಮಾಡಲು ಬಾಯಿ ಬರಲಿಲ್ಲ. ಅಳತೆಯಿಲ್ಲದೆ ಹೊಲಿಯೋಣ ಎಂದುಕೊಂಡೆ.

ಪುಸ್ತಕದಲ್ಲಿ ವಯಸ್ಸಿನ ಪ್ರಕಾರ ಅಳತೆಯ ಪಟ್ಟಿ ಇತ್ತು. ಅದನ್ನೇ ಹಿಡಿದು ಮೊದಲ ಫ್ರಾಕು ಶುರು ಮಾಡಿದೆ. ಅಣ್ಣನ ಎರಡು ಹಳೆಯ ಹತ್ತಿ ಶರ್ಟು ತೆಗೆದುಕೊಂಡೆ. ಹಳೆ ಬಟ್ಟೆಯಲ್ಲಿ ಒಂದು ಅನುಕೂಲವಿದೆ, ಅದು ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವಷ್ಟು ಬಣ್ಣ ಬಿಟ್ಟಿರುತ್ತದೆ. ಅನನುಕೂಲವೆಂದರೆ ಎಲ್ಲಿ ಸವೆದಿದೆ ಎಂದು ಮೇಲಿಂದ ಕಾಣುವುದಿಲ್ಲ. ಬಿಚ್ಚಿ, ಇಸ್ತ್ರಿ ಮಾಡಿ, ಒಂದೊಂದು ತುಂಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ತೆಳುವಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದೆ. ಕಾಲರಿನ ಕೆಳಗೆ, ಮೊಣಕೈ ಹತ್ತಿರ, ಬೆನ್ನಿನ ನಡುವೆ ಗುರುತೇ ಗುರುತು. ಅವನ್ನು ತಪ್ಪಿಸಿ ಎಳೆ ನೇರ ಬರುವಂತೆ ಕತ್ತರಿಸಿದೆ. ಒಳಗಿನ ಹೊಲಿಗೆ ಚುಚ್ಚದಿರಲೆಂದು ಎರಡು ಸಲ ಮಡಚಿ ಹೊಲಿದೆ. ಹಿಂದುಗಡೆ ಪುಸ್ತಕ ಹೇಳಿದಷ್ಟೇ ಮೂರಿಂಚು ಸೀಳು ಬಿಟ್ಟು ಕೊಂಡಿ ಹಾಕಿದೆ. ನೋಡಲು ಚೆಂದವಿತ್ತು. ಅಣ್ಣ ಕೂಡ, “ಇದು ನನ್ ಶರ್ಟಾ? ನಂಗೇ ಇಷ್ಟ್ ಚೆಂದಾಗಿ ಕಾಣ್ತಿರ್ನಿಲ್ಲ,” ಎಂದ.

ಪಾಪುವಿನ ತಲೆ ಪುಸ್ತಕದ ಮಗುವಿನ ತಲೆಗಿಂತ ದಪ್ಪ. ಫ್ರಾಕು ಹಣೆಯವರೆಗೆ ಬಂದು ನಿಂತಿತು. ನಾನು ಎಳೆದೆ. ಎಳೆಯಬಾರದಿತ್ತು. ಬಟ್ಟೆಯೊಳಗೆ ಮುಖ ಸಿಕ್ಕಿಕೊಂಡು, ಕೈ ಮೇಲಾಗಿ, ಅವಳು ಕಿರುಚಿದ್ದು ಹೊಲದಲ್ಲಿದ್ದ ಅಣ್ಣನಿಗೂ ಕೇಳಿಸಿತು. ಅತ್ತಿಗೆ ಓಡಿ ಬಂದು ನನ್ನದೇ ಕತ್ತರಿಯಿಂದ ಕೊರಳು ಕತ್ತರಿಸಿ ಬಿಡಿಸಿದಳು. ಅಂದಿನಿಂದ ನನ್ನ ಕೈಯಲ್ಲಿ ಯಾವ ಬಟ್ಟೆ ಕಂಡರೂ ಪಾಪು, “ಅತ್ತೆ ಬಟ್ಟೆ ಬ್ಯಾಡ!” ಎಂದು ಅಜ್ಜಿಯ ಸೆರಗಿನೊಳಗೆ ಹೋಗುತ್ತಿದ್ದಳು.

ಎರಡನೆಯದಕ್ಕೆ ಹೆದರಿಕೆಯಿಂದ ಸಡಿಲ ಬಿಟ್ಟೆ. ಅಣ್ಣನ ಹಳೆಯ ಜೀನ್ಸಿನಿಂದ ಆಟದ ಪ್ಯಾಂಟು. ಕೈಗೆ ಎಂಟು ವರ್ಷದ ಅಭ್ಯಾಸ. ಸೊಂಟಕ್ಕೆ ಎರಡು ಬೆರಳು, ಕಾಲಿಗೆ ಮೂರಿಂಚು ಜಾಸ್ತಿ ಬಂದೇ ಬಂತು. ಕಾಲಿನ ಉದ್ದವನ್ನು ಮೇಲೆ ಮಡಚಿ ನಾಲ್ಕು ಬಿಡಿ ಹೊಲಿಗೆಯ ಟಾಕ ಹಾಕಿದೆ. ಬಿಸ್ಕತ್ತು ಕೊಟ್ಟು ಅತ್ತಿಗೆ ಹೇಗೋ ತೊಡಿಸಿದಳು. ಅರ್ಧ ಗಂಟೆ ಓಡಾಡಿದಳು. ನನಗೂ ಖುಷಿಯಾಯಿತು. ಆಮೇಲೆ ಮಡಿಕೆ ಕಳಚಿ ಕಾಲಿನ ಕೆಳಗೆ ಬಂತು. ಹೊಸ್ತಿಲು ದಾಟುವಾಗ ಎಡವಿ ಬಿದ್ದು ಗಲ್ಲ ಒಡೆಯಿತು.

ಅವ್ವ ಬೈಯಲಿಲ್ಲ. ಕಾಫಿಪುಡಿ ಒತ್ತಿ ರಕ್ತ ನಿಲ್ಲಿಸಿದಳು. ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹುಣಸೂರಿಗೆ ಹೋದೆ. ಮೇಡಂ ಪ್ಯಾಂಟನ್ನು ಎತ್ತಿ ಹಿಡಿದರು.

“ಇದು ಯಾರಿಗೆ? ಪಾಪುಗಾ, ಪಾಪು ಅಕ್ಕನಿಗಾ?”

ಕ್ಲಾಸಿನಲ್ಲಿ ನಗು. ಮೇಡಂ ನಗಲಿಲ್ಲ. ರೆಕಾರ್ಡ್ ಪುಸ್ತಕ ತೆರೆದು ಖಾಲಿ ಕಾಲಂ ಮೇಲೆ ಬೆರಳಿಟ್ಟರು. “ಹೊಲಿಗೆ ನೀಟಾಗಿದೆ. ಆದ್ರೆ ಈ ಬಟ್ಟೆಗೆ ಮಗೂನೇ ಇಲ್ಲ. ಬೆಳೆಯೋ ಮಗು ಅಂತ ನಾವು ಮುಂದಿನ ವರ್ಷದ ಮಗುಗೆ ಹೊಲಿತೀವಿ. ಈ ವರ್ಷದ ಮಗು ಎಡವಿ ಬೀಳ್ತದೆ. ಅಳತೆ ತನ್ನಿ, ಸೈನ್ ಹಾಕ್ತೀನಿ. ಇಲ್ಲ ಅಂದ್ರೆ ಇಲ್ಲ.”

ನಾನು ಕಾರಣ ಹೇಳಲಿಲ್ಲ. ಬಿ.ಎ. ಮಾಡಿದವಳ ಮನೆಯಲ್ಲಿ ಟೇಪಿಗೆ ಹೆದರುತ್ತಾರೆ ಎನ್ನಲು ನಾಚಿಕೆಯಾಯಿತು. ಈಗ ಆ ನಾಚಿಕೆಯ ಬಗ್ಗೆಯೇ ನಾಚಿಕೆ.

ಪಕ್ಕದ ಮಿಷನ್ನಿನವಳು ಸಾಲಿಗ್ರಾಮದ ಹುಡುಗಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಪಿಸುಗುಟ್ಟಿದಳು: “ಅಯ್ಯೋ ಅಕ್ಕ, ಬರ್ಕೊಂಡ್ಬುಡಿ. ನಂದ್ರಲ್ಲಿ ಅರ್ಧ ನಾನೇ ಬರ್ದಿರೋದು. ಯಾರ್ ಬಂದು ನೋಡ್ತಾರೆ?”

ಬರೆದೂಬಿಟ್ಟೆ. ಪುಸ್ತಕದ ಪಟ್ಟಿಯಿಂದ ಹನ್ನೊಂದು ಅಂಕಿ, ಪೆನ್ಸಿಲಿನಲ್ಲಿ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಕೂರಲು ಸೀಟು ಮಾತ್ರ ಇಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬಳು ತಾಯಿ ತೊಡೆಯ ಮೇಲೆ ಮಲಗಿದ ಮಗುವಿನ ಫ್ರಾಕಿನ ಕೊರಳಪಟ್ಟಿಯನ್ನು ಬೆರಳಿನಿಂದ ಸಡಿಲ ಮಾಡುತ್ತಲೇ ಇದ್ದಳು. ಕೊರಳಲ್ಲಿ ಕೆಂಪಗೆ ಗೆರೆ ಬಿದ್ದಿತ್ತು. ಕೋಟೆಗೆ ಹೋಗಿ ಇಪ್ಪತ್ತು ಹುಡುಗಿಯರಿಗೆ ನಾನು ಇಂಥದ್ದನ್ನೇ ಕಲಿಸಬೇಕಾ ಎನ್ನಿಸಿತು. ಪಿರಿಯಾಪಟ್ಟಣದಲ್ಲಿ ಇಳಿದ ಮೇಲೆ ರಬ್ಬರು ಕೊಂಡು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಹನ್ನೊಂದನ್ನೂ ಅಳಿಸಿದೆ.

ಉಳಿದದ್ದು ಎರಡೂವರೆ ವಾರ.

ಮಾರನೆಯ ದಿನ ಮಧ್ಯಾಹ್ನ ಪಾಪು ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಅವ್ವ ಮನೆಯಲ್ಲಿರಲಿಲ್ಲ. ಅತ್ತಿಗೆ ಕಣ್ಣಲ್ಲೇ ತೋರಿಸಿದಳು. “ಅತ್ತೆ ಬರೋದು ಇನ್ನೂ ಒತ್ತಾಯ್ತದೆ. ಬಿರ್ರನೆ ಇಡ್ಕೊ. ನಾನೇನೂ ಯೋಳಲ್ಲ.”

ಮಗುವಿನ ತಾಯಿಯೇ ಹೇಳುತ್ತಿದ್ದಾಳೆ. ಟೇಪು ತಂದು ಪಕ್ಕದಲ್ಲಿ ಕುಳಿತೆ. ಅದರ ತಗಡಿನ ತುದಿ ಪಾಪುವಿನ ಹೆಗಲ ಹತ್ತಿರ ಹೋಗುವಷ್ಟರಲ್ಲಿ ಕೈ ಹಿಂದಕ್ಕೆ ಬಂತು. ಮಗು ಬೆಳೆಯುವುದಿಲ್ಲ ಎಂಬ ಭಯವಲ್ಲ. ನಾಳೆ ಪಾಪುವಿಗೆ ಒಂದು ಸಣ್ಣ ಜ್ವರ ಬಂದರೂ ಅವ್ವನ ಮುಖ ನೋಡಲು ನನ್ನಿಂದ ಆಗುವುದಿಲ್ಲ, ಅಷ್ಟೇ.

“ಯಾಕೆ?” ಎಂದಳು ಅತ್ತಿಗೆ.

“ಬುಡು ಅತ್ತಿಗೆ,” ಎಂದೆ. ಹಾಗೆ ಕೈ ಹಿಂದೆಗೆದು ಕುಳಿತಿದ್ದಾಗಲೇ ಅವಳು ತೊಟ್ಟಿದ್ದ ಗುಲಾಬಿ ಫ್ರಾಕಿನ ಎಡ ಕಂಕುಳು ಕಣ್ಣಿಗೆ ಬಿದ್ದದ್ದು. ಬಲಗಡೆ ಒಂದಿಂಚು ಹರಿದಿದ್ದರೆ ಎಡಗಡೆ ಎರಡಿಂಚು. ಒಂದು ವರ್ಷದಿಂದ ಈ ಮಗುವಿನ ಮೈ ಮೇಲೆ ಬಿಡದೆ ಇದ್ದದ್ದು ಈ ಫ್ರಾಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಇದರ ಮೇಲೆ ಬರೆದಿರಬೇಕಲ್ಲ? ಎಂಟು ವರ್ಷ ಮಾವನ ಅಂಗಡಿಯಲ್ಲಿ, ಹೊಸ ಶರ್ಟು ಹೊಲಿಸಲು ಬಂದ ಗಂಡಸರು, “ಇದೇ ಅಳ್ತೆ” ಎಂದು ಹಳೆಯ ಶರ್ಟು ಎಸೆದು ಹೋಗುವುದನ್ನು ನೋಡಿದ್ದೆ. ಹೊಳೆದಿರಲಿಲ್ಲ.

ಮರುದಿನ ಸ್ನಾನದ ಹೊತ್ತಿಗೆ, ಒಗೆಯುವ ಮುಂಚೆ ಕೊಡು ಎಂದು ಅತ್ತಿಗೆಯಿಂದ ಫ್ರಾಕು ಇಸಿದುಕೊಂಡೆ. ಒಗೆದರೆ ಗುರುತು ಹೋಗುತ್ತದೆ. ಹಳೆಯ ಪೇಪರು ಹಾಸಿ ಅದರ ಮೇಲೆ ಹರಡಿದೆ. ಕೊರಳ ಸುತ್ತ ಬೆವರಿನ ಗೆರೆ ಪಟ್ಟಿಗಿಂತ ಅರ್ಧ ಇಂಚು ಕೆಳಗಿತ್ತು, ಅಂದರೆ ಕೊರಳು ಅಷ್ಟು ಇಳಿಯಬೇಕು. ಹೊಟ್ಟೆಯ ಹತ್ತಿರ ಬಟ್ಟೆ ಉಜ್ಜಿ ಹಿಂಜಿತ್ತು. ಮುಂದುಗಡೆ ಹಿಂದಿಗಿಂತ ಉದ್ದ ಬೇಕು, ಇಲ್ಲದಿದ್ದರೆ ಮುಂದೆ ಎತ್ತಿಕೊಳ್ಳುತ್ತದೆ. ಪಕ್ಕದ ಹೊಲಿಗೆಯ ದಾರ ಎಳೆದು ಸಣ್ಣಗಾದದ್ದು ಎದೆಯ ಮಟ್ಟದಲ್ಲಿ, ಸೊಂಟದಲ್ಲಲ್ಲ. ಹಿಂದುಗಡೆ ಮಣ್ಣಿನ ಗುರುತು ಎಲ್ಲಿ ಮುಗಿಯುತ್ತದೆ ಎಂದು ನೋಡಿ ಕುಕ್ಕರಿಸಿದಾಗ ಅಂಚು ಎಲ್ಲಿಗೆ ಬರುತ್ತದೆ ಎಂದು ಲೆಕ್ಕ ಹಿಡಿದೆ. ಪ್ರತಿ ಹೊಲಿಗೆಯ ಗುಂಟ ಗುಂಡುಸೂಜಿ ಚುಚ್ಚಿ ಪೇಪರಿಗೆ ತೂತು ಇಳಿಸಿದೆ. ತೂತುಗಳನ್ನು ಸೇರಿಸಿ ಗೆರೆ ಎಳೆದೆ. ಹರಿದ ಕಡೆ ಹರಿದಷ್ಟು ಸೇರಿಸಿದೆ.

ಅವ್ವ ಬಂದು ಬಾಗಿಲಲ್ಲಿ ನಿಂತಳು. “ಏನವ್ವ ಅದು, ಕೊಳೆ ಬಟ್ಟೆನ ಪೇಪರ್ ಮ್ಯಾಲೆ ಮಡಿಕ್ಕೊಂಡು ಪೂಜೆ ಮಾಡ್ತಿದ್ದೀಯ?”

“ಅಳತೆ ತಗೋತಿದ್ದೀನಿ. ಬಟ್ಟೆದು.”

“ಬಟ್ಟೆದಾ?”

“ಬಟ್ಟೆದೇ ಅವ್ವ. ಟೇಪು ಬಟ್ಟೆ ಮ್ಯಾಲೆ ಐತೆ ನೋಡು.”

ಅವ್ವ ಬಗ್ಗಿ ಟೇಪನ್ನು ನೋಡಿದಳು. “ಬಟ್ಟೆ ಬೆಳ್ಯಲ್ಲ ಬುಡು. ಇಡ್ಕೊ,” ಎಂದಳು. ಹೋಗಲು ತಿರುಗಿದವಳು ಮತ್ತೆ ನಿಂತಳು. “ಎಡಗಡೆ ವಸಿ ಜಾಸ್ತಿ ಬುಡು. ಅವ್ಳು ಎಲ್ಲಾ ಎಡಗೈಲೇ ಎಳ್ಯೋದು. ತಟ್ಟೆ ಎಳ್ಯೋದೂ ಅದ್ರಲ್ಲೇ, ಬೆಕ್ಕಿನ ಬಾಲ ಎಳ್ಯೋದೂ ಅದ್ರಲ್ಲೇ.”

ಪೇಪರಿನಲ್ಲಿ ಎಡ ಕಂಕುಳಿಗೆ ಕಾಲು ಇಂಚು ಸೇರಿಸಿದೆ. ಯಾವ ಪುಸ್ತಕದಲ್ಲೂ ಇರದ ಕಾಲು ಇಂಚು.

ಇನ್ನು ತಲೆಯ ಮೇಲಿಂದ ಎಳೆಯುವ ಬಟ್ಟೆ ಹೊಲಿಯಬಾರದೆಂದು ನಿಶ್ಚಯಿಸಿದೆ. ಮೂರೂ ಮುಂದೆ ತೆರೆಯಬೇಕು, ಮಗುವೇ ಹಾಕಿಕೊಳ್ಳುವಂತಿರಬೇಕು. ಮನೆಯ ಫ್ರಾಕಿಗೆ ಅಣ್ಣನ ಇನ್ನೊಂದು ಶರ್ಟಿನ ಗುಂಡಿಪಟ್ಟಿಯನ್ನು ಹಾಗೇ ಉಳಿಸಿಕೊಂಡೆ, ಗುಂಡಿ ತೂರುವ ಕಾಜ ಹೊಲಿಯುವ ಕೆಲಸವೇ ತಪ್ಪಿತು. ಗುಂಡಿ ಮಾತ್ರ ಬದಲಾಯಿಸಿದೆ: ಐದು ಗುಂಡಿ, ಐದು ಬಣ್ಣ, ಹಳೆಯ ಬಟ್ಟೆಗಳಿಂದ ಕಿತ್ತವು. ಕತ್ತರಿಸಿ ಹಾಳಾದ ಮೊದಲ ಫ್ರಾಕನ್ನು ಬಿಚ್ಚಿ ಅದರ ತುಂಡನ್ನೇ ಕೊರಳಿಗೆ ಪಟ್ಟಿ ಮಾಡಿದೆ. ಬೆಳೆಯುವ ಮಗುವಿಗೆ ಬಿಡುವ ಬಟ್ಟೆಯನ್ನು ಅಂಚಿಗೆ ಬಿಡದೆ ಪಕ್ಕದ ಹೊಲಿಗೆಯೊಳಗೆ ಬಿಟ್ಟೆ. ಇವತ್ತು ಮೈಗೆ ಸರಿ, ಮುಂದಿನ ವರ್ಷ ಒಂದು ಹೊಲಿಗೆ ಬಿಚ್ಚಿದರೆ ಆಗಲೂ ಸರಿ.

ಆಟದ ಪ್ಯಾಂಟಿನ ಉದ್ದವನ್ನು ನಿರ್ದಯವಾಗಿ ಕತ್ತರಿಸಿದೆ. ಮಿಕ್ಕ ಜೀನ್ಸಿನಿಂದ ಎದೆಗೊಂದು ಚೌಕ, ಹೆಗಲಿಗೆ ಎರಡು ಪಟ್ಟಿ. ಚೌಕದ ಮೇಲೆ ಕೆಂಪು ಬ್ಲೌಸಿನ ಬಟ್ಟೆಯಲ್ಲಿ ಒಂದು ಕೋಳಿ. ಅದರ ರೆಕ್ಕೆಯನ್ನು ಮೇಲುಗಡೆ ಹೊಲಿಯದೆ ಬಿಟ್ಟೆ, ರೆಕ್ಕೆಯೇ ಜೇಬು. ಹಳದಿ ತುಂಡಿನೊಳಗೆ ಚಿಂದಿ ತುಂಬಿ ಹೆಬ್ಬೆರಳಿನ ಗಾತ್ರದ ಮರಿ ಮಾಡಿ, ಗಿಡ್ಡ ಲಾಡಿಯಿಂದ ಜೇಬಿನೊಳಗೆ ಕಟ್ಟಿದೆ. ಲಾಡಿ ಒಂದು ಗೇಣಿಗಿಂತ ಕಡಿಮೆ. ಮಗುವಿನ ಕೊರಳಿಗೆ ಸುತ್ತಿಕೊಳ್ಳಬಾರದು.

ಮೂರನೆಯದು ಲಂಗ, ರವಿಕೆ. ಅತ್ತಿಗೆಯ ನಡುವೆ ಹರಿದ ಸೀರೆಯ ಅಂಚು ಗಟ್ಟಿಯಾಗಿತ್ತು, ಆದರೆ ಜರಿ ಚುಚ್ಚುತ್ತಿತ್ತು. ಒಳಗೆ ಏನಾದರೂ ಮೆತ್ತಗಿನದು ಬೇಕಿತ್ತು. ನಾನು ಪೆಟ್ಟಿಗೆ ಜಾಲಾಡುವುದನ್ನು ನೋಡಿ ಅವ್ವ ತೀರಿಕೊಂಡ ಅಪ್ಪನ ಒಂದು ಪಂಚೆ ತಂದು ನನ್ನ ತೊಡೆಯ ಮೇಲೆ ಹಾಕಿದಳು. “ಇದ್ನ ಒಳಕ್ಕೆ ಆಕು. ಪಾಪು ಉಟ್ದಾಗ ಇದ್ರಲ್ಲೇ ಸುತ್ಕೊಂಡಿದ್ದು. ಚುಚ್ಚಲ್ಲ.” ನಮ್ಮಲ್ಲಿ ಹುಟ್ಟಿದ ಕೂಸಿನ ಮೈಮೇಲೆ ಮೊದಲು ಹಾಕುವುದು ಹೊಸ ಬಟ್ಟೆಯಲ್ಲ, ಬಾಳಿದವರ ಹಳೆಯ ಬಟ್ಟೆ. ಪಂಚೆಯನ್ನು ಬೆಳಕಿಗೆ ಹಿಡಿದೆ. ಒಂದು ಕಡೆಯೂ ತೂತಿರಲಿಲ್ಲ.

ಮುಗಿದ ಮೇಲೆ ಪಾಪುವನ್ನು ಕರೆಯಲಿಲ್ಲ. ಕೋಳಿಯ ಬಟ್ಟೆಯನ್ನು ಜಗಲಿಯ ಮೇಲೆ ಹರಡಿ, ಮರಿಯನ್ನು ಹೊರಗೆ ಬಿಟ್ಟು, ಒಳಗೆ ಹೋಗಿ ರಾಗಿ ಕೇರಿದೆ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿಸಿತು.

“ಅಜ್ಜೀ, ಮರಿ ಹೊರ್ಗಡೆ ಬಂದ್ಬುಟ್ಟದೆ!”

“ಒಳೀಕ್ ಆಕವ್ವ. ಕಾಗೆ ಒತ್ಕೊಂಡೋದಾತು,” ಎಂದಳು ಅವ್ವ.

ಒಳಗೆ ಹಾಕಿದಳು. ತೆಗೆದಳು. ಹಾಕಿದಳು. ಅರ್ಧ ಗಂಟೆಯ ಮೇಲೆ ನಾನು ಹೊರಗೆ ಬಂದಾಗ ಗುಲಾಬಿ ಫ್ರಾಕಿನ ಮೇಲೇ ಅದನ್ನು ಏರಿಸಿಕೊಂಡು, ಎಡ ಪಟ್ಟಿಯನ್ನು ಬಲಗುಂಡಿಗೆ ಸಿಕ್ಕಿಸಿಕೊಂಡು ನಿಂತಿದ್ದಳು. ನಾನು ಸರಿಪಡಿಸಲು ಹೋಗಲಿಲ್ಲ.

ರೆಕಾರ್ಡ್ ಪುಸ್ತಕದ ಹನ್ನೊಂದು ಕಾಲಮ್ಮನ್ನೂ ತುಂಬಿಸಿ, ಮೇಲೆ ಬರೆದೆ: ‘ಅಳತೆಗಳನ್ನು ಮಗುವಿನ ಮೈಯಿಂದ ತೆಗೆದಿಲ್ಲ. ಮಗು ಒಂದು ವರ್ಷ ತೊಟ್ಟ ಫ್ರಾಕಿನಿಂದ ತೆಗೆದಿದೆ.’ ಕೆಳಗೆ ಗುರುತುಗಳನ್ನು ಓದಿದ ಕ್ರಮವನ್ನು ಎರಡು ಪುಟ ಬರೆದೆ. ಮೇಡಂ ಪೂರ್ತಿ ಓದಿದರು. “ನಾನು ಸೈನ್ ಹಾಕ್ತೀನಿ. ಆದ್ರೆ ಎಕ್ಸಾಮಿನರ್ ಒಪ್ಪದೇ ಇದ್ರೆ ನಾನೇನೂ ಮಾಡೋಕಾಗಲ್ಲ,” ಎಂದು ಸಹಿ ಹಾಕಿದರು.

ಪರೀಕ್ಷೆಯ ದಿನ ಅತ್ತಿಗೆಗೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಿಂದ ಸೊಪ್ಪು ಇಳಿಸುವ ಕೆಲಸ. ಪಾಪುವನ್ನು ಹಿಡಿದುಕೊಂಡು ಅವ್ವ ಬಂದಳು. ಕೇಂದ್ರದ ಗೋಡೆಗೆ ಒರಗಿಸಿದ ಬೆಂಚಿನ ತುದಿಯಲ್ಲಿ ಕುಳಿತಳು. ಮೈಸೂರಿನಿಂದ ಬಂದ ಎಕ್ಸಾಮಿನರ್ ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನನ್ನ ಮುಂಚಿನ ಮೂವರಲ್ಲಿ ಇಬ್ಬರ ಮಕ್ಕಳು ಅತ್ತಿದ್ದವು.

ಪಾಪು ಮನೆಯ ಫ್ರಾಕನ್ನು ತಾನೇ ಹಾಕಿಕೊಂಡಳು. ನೀಲಿ ಗುಂಡಿ ಹಸಿರು ಗುಂಡಿಯ ತೂತಿಗೆ ಹೋಯಿತು. ಕುಕ್ಕರಿಸು ಎಂದರೆ ಕುಕ್ಕರಿಸಿದಳು. ಕೋಳಿಯ ಬಟ್ಟೆ ತೊಟ್ಟು ಎಕ್ಸಾಮಿನರ್‌ಗೆ ಮರಿ ತೋರಿಸಿ, “ಮುಟ್ಬೇಡಿ, ಕುಕ್ತದೆ,” ಎಂದಳು. ಅವರು ಮೊದಲ ಸಲ ನಕ್ಕರು. ಲಂಗ ಹಾಕಿಕೊಂಡು ಒಂದು ಸುತ್ತು ತಿರುಗಿದಳು. ಅಷ್ಟು ಹೊತ್ತಿಗೆ ನಾನು ಗೆದ್ದೆ ಎಂದುಕೊಂಡಿದ್ದೆ.

ಎಕ್ಸಾಮಿನರ್ ರೆಕಾರ್ಡ್ ತೆರೆದರು. ಮೊದಲ ಪುಟದಲ್ಲೇ ನಿಂತರು.

“ಇದೇನಮ್ಮ? ಮಗೂನ ಅಳೆದೇ ಇಲ್ವಾ?”

“ಇಲ್ಲ ಮೇಡಂ. ಮನೆಯಲ್ಲಿ ಮಕ್ಕಳಿಗೆ ಟೇಪು ಮುಟ್ಟಿಸಲ್ಲ.”

“ಟೀಚರ್ ಆಗೋಕೆ ಬಂದಿದ್ದೀರಿ. ಈ ಅಂಕಿ ಸರಿ ಅಂತ ನಾನು ಹೇಗೆ ನಂಬ್ಲಿ? ಒಂದೇ ಒಂದು ಅಳತೆ ನೋಡಿಬಿಡೋಣ,” ಎಂದು ಮೇಜಿನ ಮೇಲಿನ ಟೇಪು ತೆಗೆದುಕೊಂಡು ಎದ್ದರು.

ಬೆಂಚಿನ ಮೇಲೆ ಅವ್ವ ನೆಟ್ಟಗಾದದ್ದು ನನಗೆ ಕಾಣಿಸಿತು. ಪಾಪುವಿನ ಮುಂದೆ ಹೋಗಿ ನಿಂತೆ.

“ಬೇಡ ಮೇಡಂ. ಮಾರ್ಕ್ಸ್ ಕಡಿಮೆ ಕೊಡಿ, ಪರವಾಗಿಲ್ಲ.”

ಪರವಾಗಿಲ್ಲ ಎಂಬುದು ಸುಳ್ಳು. ಮಾರ್ಕ್ಸ್ ಕಡಿಮೆಯಾದರೆ ಕೋಟೆಯ ಕೆಲಸ ಇನ್ನೊಬ್ಬರಿಗೆ. ನಮ್ಮ ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು. ಎಕ್ಸಾಮಿನರ್ ನನ್ನನ್ನು ನೋಡಿದರು, ನನ್ನ ಹಿಂದೆ ಬೆಂಚಿನ ಕಡೆ ನೋಡಿದರು. ಆಮೇಲೆ ನನ್ನನ್ನು ಬಳಸಿ ನಡೆದು ಹೋಗಿ ಅವ್ವನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು.

“ಅಜ್ಜಿ, ಮೊಮ್ಮಗಳ ಅಳತೆ ಒಂದು ಸಲ ಹಿಡಿದು ನೋಡ್ಲಾ? ನೀವು ಬೇಡ ಅಂದ್ರೆ ಬೇಡ.”

ಅವ್ವ ಆ ಟೇಪನ್ನೇ ನೋಡುತ್ತಿದ್ದಳು. ಕೊನೆಗೆ ಸೆರಗಿಗೆ ಎರಡೂ ಕೈ ಒರೆಸಿಕೊಂಡು ಮುಂದೆ ಚಾಚಿದಳು.

“ಕೊಡಿ ಇಲ್ಲಿ. ನಾನಿಡಿತೀನಿ. ನೀವು ಓದ್ಕೊಳ್ಳಿ.”

ಪಾಪುವನ್ನು ತೊಡೆಯ ನಡುವೆ ನಿಲ್ಲಿಸಿಕೊಂಡು, ಟೇಪಿನ ಎರಡು ತುದಿಯನ್ನು ಮಗುವಿನ ಎದೆಯ ಮುಂದೆ ತಂದು ಹಿಡಿದಳು. ಎಕ್ಸಾಮಿನರ್ ಬಗ್ಗಿ ಅಂಕಿ ಓದಿ ರೆಕಾರ್ಡಿಗೆ ಹೋಲಿಸಿದರು.

“ಸರ್ಯಾಗದಾ?” ಎಂದಳು ಅವ್ವ.

“ಇಲ್ಲಿ ಬರೆದಿರೋದಕ್ಕಿಂತ ಕಾಲಿಂಚು ಜಾಸ್ತಿ ಇದ್ದಾಳೆ ಅಜ್ಜಿ.”

“ಬೆಳಿತಾವ್ಳೆ,” ಎಂದಳು ಅವ್ವ.

ಒಂದು ತಿಂಗಳ ಮೇಲೆ ಅದೇ ಕೋಣೆಯಲ್ಲಿ ಮಿಷನ್ನುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಹೆಸರು ಕರೆದಾಗ ಹೋದೆ. ಮೇಡಂ ಸರ್ಟಿಫಿಕೇಟ್ ಕೈಗೆ ಕೊಟ್ಟು, “ಸೋಮವಾರ ಕೋಟೆಗೆ ಬನ್ನಿ, ಬೀಗದ ಕೈ ಅಲ್ಲೇ ಕೊಡ್ತೀನಿ,” ಎಂದರು. ಅವ್ವ, ಪಾಪು ಕುಳಿತಿದ್ದ ಸಾಲಿಗೆ ವಾಪಸ್ಸು ಬಂದು ಅದನ್ನು ಅವ್ವನ ಕೈಗೆ ಕೊಟ್ಟೆ. ಪಾಪು ಇಣುಕಿ ನೋಡಿ, ಚಿತ್ರವಿಲ್ಲ ಎಂದು ಗೊತ್ತಾಗಿ ಬಿಟ್ಟಳು. ಅವ್ವ ಅದನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡಳು. ಉಳಿದವರ ಹೆಸರು ಕರೆಯುತ್ತಲೇ ಇದ್ದರು.

“ಅಲ್ಲಿ ಎಣ್ಮಕ್ಳಿಗೆ ಟೇಪ್ ಇಡ್ಯೋದು ಕಲಿಸ್ತೀಯಾ?” ಎಂದಳು.

“ಕಲಿಸಬೇಕಲ್ಲ ಅವ್ವ.”

“ಕಲ್ಸು. ಅದುಕ್ಕೆ ಮುಂಚೆ ಇನ್ನೊಂದು ಕಲ್ಸು. ಮಗೀನ ಮುಟ್ಟಾಕೆ ಮುಂಚೆ ಅದ್ರವ್ವುನ್ನ ಕೇಳ್ಬೇಕು ಅಂತ. ಅವತ್ತು ನನ್ನ ಯಾರೂ ಕೇಳ್ನಿಲ್ಲ ಕಣವ್ವ.”